ಎರಡು ಕಂಬಗಳ ನಡುವೆ: ಗೋಲ್‌ಕೀಪರ್ ತಂಗರಾಜ್ ಮತ್ತು ನಮ್ಮ ಮೈದಾನ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಮಿತಿಯ ಗೆಳೆಯರು ಕೇಳಿದರು. ಶಾಲೆಯ ಕಟ್ಟಡ, ಜಾಗ ಕೊಟ್ಟ ದಾನಿಗಳು, ದುಡಿದ ಮುಖ್ಯೋಪಾಧ್ಯಾಯರು, ಇವರ ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆ. ನನಗೆ ಗೊತ್ತಿರುವುದು ಮೈದಾನ, ಅದರಲ್ಲೂ ಎರಡು ಕಂಬಗಳ ನಡುವಿನ ಜಾಗ. ಆದ್ದರಿಂದ ಆ ಜಾಗದಲ್ಲಿ ನಿಂತು ಹೆಸರು ಮಾಡಿದ ಒಬ್ಬರ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಶಾಲೆಯ ಆಟವೆಂದರೆ ಕಬಡ್ಡಿ, ಖೋ ಖೋ, ವಾಲಿಬಾಲ್. ಫುಟ್‌ಬಾಲ್ ಆಡುವವರು ಕಡಿಮೆ. ಆಡಿದರೂ ಗೋಲ್ ಕಾಯಲು ಯಾರೂ ಮುಂದೆ ಬರುತ್ತಿರಲಿಲ್ಲ. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನನ್ನೋ, ಓಟ ಸಾಲದವನನ್ನೋ ಅಲ್ಲಿಗೆ ತಳ್ಳುವುದು ವಾಡಿಕೆ. ನನ್ನನ್ನು ನಿಲ್ಲಿಸಿದ್ದೂ ಹಾಗೆಯೇ. ಹೇಗೆ ನಿಲ್ಲಬೇಕು, ಯಾವಾಗ ಮುಂದೆ ನುಗ್ಗಬೇಕು ಎಂದು ಹೇಳಿಕೊಡುವವರು ಇರಲಿಲ್ಲ. ಮೊಣಕೈ, ಮಂಡಿ ತರಚಿಕೊಂಡು ಕಲಿತದ್ದೇ ವಿದ್ಯೆ. ಹಾಸನದಲ್ಲಿ ಜಿಲ್ಲಾ ಮಟ್ಟದ ಪಂದ್ಯ ಆಡಿದಾಗಲೂ ಅಷ್ಟೇ ಬಂಡವಾಳ.

ಗೋಲ್ 24 ಅಡಿ ಅಗಲ, 8 ಅಡಿ ಎತ್ತರ. ಪೆನಾಲ್ಟಿ ಒದೆಯುವುದು 36 ಅಡಿ ದೂರದಿಂದ. ಅಷ್ಟು ದೊಡ್ಡ ಬಾಗಿಲನ್ನು ಒಬ್ಬನೇ ಕಾಯಬೇಕು. ಗೆರೆಯ ಮೇಲೆ ನಿಂತರೆ ಒದೆಯುವವನಿಗೆ ಬಾಗಿಲು ಪೂರ್ತಿ ತೆರೆದು ಕಾಣುತ್ತದೆ. ನಾಲ್ಕು ಹೆಜ್ಜೆ ಮುಂದೆ ಬಂದರೆ ಬಾಗಿಲು ಕಿರಿದಾಗುತ್ತದೆ. ತೀರ ಮುಂದೆ ಬಂದರೆ ಚೆಂಡು ತಲೆಯ ಮೇಲೆ ಹೋಗುತ್ತದೆ. ಈ ಲೆಕ್ಕ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಹಿಡಿದ ಹತ್ತು ಚೆಂಡು ಮರೆತುಹೋಗುತ್ತದೆ, ಬಿಟ್ಟ ಒಂದು ಊರಿಗೆಲ್ಲ ನೆನಪಿರುತ್ತದೆ.

ನಮ್ಮ ದೇಶದ ಫುಟ್‌ಬಾಲ್ ಚರಿತ್ರೆಯಲ್ಲೂ ಹೀಗೆಯೇ ಆಗಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಗೋಲ್‌ನಲ್ಲಿ ಕೆ. ವಿ. ವರದರಾಜ್. ಕೊನೆಯ ಗಳಿಗೆಯವರೆಗೂ 1–1ರಲ್ಲಿದ್ದ ಪಂದ್ಯವನ್ನು ನಾವು 1–2ರಿಂದ ಸೋತೆವು. ಎರಡು ಪೆನಾಲ್ಟಿ ಕೈತಪ್ಪಿದ್ದನ್ನು, ಸಾರಂಗಪಾಣಿ ರಾಮನ್ ಗೋಲ್ ಹೊಡೆದದ್ದನ್ನು ಜನ ಇಂದಿಗೂ ಹೇಳುತ್ತಾರೆ. ಅಷ್ಟು ಹೊತ್ತು ಬಾಗಿಲು ಕಾದವರ ಹೆಸರು ಹೇಳುವವರು ವಿರಳ. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲ್ ಬೆಂಗಳೂರಿನ ಅಹಮದ್ ಖಾನ್ ಅವರದು.

ಇಂಥ ಸೋಲಿನ ನಂತರದ ಕಾಲದಲ್ಲಿ ಬಂದವರು ಪೀಟರ್ ತಂಗರಾಜ್. 1935ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು. ಸೈನ್ಯಕ್ಕೆ ಸೇರಿ ಮದ್ರಾಸ್ ರೆಜಿಮೆಂಟಲ್ ಸೆಂಟರ್ ಪರವಾಗಿ ಆಡಿದರು. ಮೊದಲು ಅವರು ಗೋಲ್ ಹೊಡೆಯುವ ಸೆಂಟರ್ ಫಾರ್ವರ್ಡ್. ಆಮೇಲೆ ಗೋಲ್ ತಡೆಯುವವರಾದರು. ಆರಡಿ ಮೀರಿದ ಎತ್ತರ, ಉದ್ದ ಕೈ. ಅವರಿದ್ದ ಸೈನ್ಯದ ತಂಡ 1955 ಮತ್ತು 1958ರಲ್ಲಿ ಡುರಾಂಡ್ ಕಪ್ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಅವರಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇದೇ ಫ್ರಾನ್ಸ್ ಜೊತೆ ಭಾರತ 1–1 ಸಮ ಮಾಡಿಕೊಂಡಿತು. ಹನ್ನೆರಡು ವರ್ಷದ ಹಿಂದೆ ಕೊನೆ ಗಳಿಗೆಯಲ್ಲಿ ಕೈಬಿಟ್ಟು ಹೋದದ್ದು ಈ ಸಲ ಹೋಗಲಿಲ್ಲ.

ಆಗ ತಂಡಕ್ಕೆ ತರಬೇತಿ ಕೊಟ್ಟವರು ಸೈಯದ್ ಅಬ್ದುಲ್ ರಹೀಮ್. ಅವರು ಹೈದರಾಬಾದಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು ಎಂಬುದನ್ನು ನಮ್ಮ ಶಿಕ್ಷಕ ಬಂಧುಗಳು ಗಮನಿಸಬೇಕು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ತಂಗರಾಜ್ ಕಾಯಿಲೆ ಬಿದ್ದರು. ಅವರ ಬದಲು ಪ್ರದ್ಯೋತ್ ಬರ್ಮನ್ ಗೋಲ್ ಕಾದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಕೊರಿಯ. ಇದೇ ತಂಡದ ಕೈಲಿ ಭಾರತ ಮೊದಲ ಸುತ್ತಿನಲ್ಲಿ 0–2ರಿಂದ ಸೋತಿತ್ತು. ಜೊತೆಗೆ ಸುಮಾರು ಒಂದು ಲಕ್ಷ ಪ್ರೇಕ್ಷಕರು ನಮ್ಮ ವಿರುದ್ಧ ಕೂಗುತ್ತಿದ್ದರು. ಆ ದಿನಕ್ಕೆ ರಹೀಮ್ ತಂಗರಾಜ್ ಅವರನ್ನೇ ಮತ್ತೆ ಕರೆದರು. ಪಿ. ಕೆ. ಬ್ಯಾನರ್ಜಿ ಒಂದು ಗೋಲ್ ಹೊಡೆದರು. ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್ ಇನ್ನೊಂದು ಹೊಡೆದರು. ಕೊನೆಯಲ್ಲಿ ಕೊರಿಯ ಒಂದು ಗೋಲ್ ತಿರುಗಿಸಿತು. ಆಮೇಲಿನ ನಿಮಿಷಗಳಲ್ಲಿ ಬಾಗಿಲು ತೆರೆಯಲಿಲ್ಲ. 2–1, ಚಿನ್ನದ ಪದಕ. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದಲ್ಲಿದ್ದರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಅಂಥ ಚಿನ್ನ ನಮಗೆ ಮತ್ತೆ ಸಿಕ್ಕಿಲ್ಲ.

ಮುಂದೆ ತಂಗರಾಜ್ ಕಲ್ಕತ್ತದ ಮೂರೂ ದೊಡ್ಡ ಕ್ಲಬ್ಬುಗಳಲ್ಲಿ, ಅಂದರೆ ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್‌ಗಳಲ್ಲಿ ಆಡಿದರು. 1967ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಆಟ ನಿಲ್ಲಿಸಿದ ಮೇಲೆ ತರಬೇತುದಾರರಾದರು. ಬೊಕಾರೊ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ನೆಲೆಸಿ, ಅಲ್ಲಿಯ ಹುಡುಗರಿಗೆ ಆಟ ಹೇಳಿಕೊಟ್ಟರು. 2008ರ ನವೆಂಬರ್‌ನಲ್ಲಿ ಅಲ್ಲಿಯೇ ತೀರಿಕೊಂಡರು. ಒಂದು ಲಕ್ಷ ಜನರ ಎದುರು ನಿಂತವರು ಕೊನೆಗೆ ನಿಂತದ್ದು ಹತ್ತಿಪ್ಪತ್ತು ಹುಡುಗರ ಮುಂದೆ. ಆ ಜಕಾರ್ತಾದ ಕೆಲಸಕ್ಕಿಂತ ಈ ಕೆಲಸ ಚಿಕ್ಕದೆಂದು ನನಗೆ ಅನ್ನಿಸುವುದಿಲ್ಲ. ಫಾರ್ವರ್ಡ್ ಆಟಗಾರನ ವಿದ್ಯೆಯನ್ನು ದೂರದಿಂದ ನೋಡಿಯೂ ಕಲಿಯಬಹುದು. ಗೋಲ್‌ಕೀಪರನ ವಿದ್ಯೆ ಹೆಜ್ಜೆ ಅಳೆಯುವುದರಲ್ಲಿದೆ, ಕಾಯುವುದರಲ್ಲಿದೆ. ಪಕ್ಕದಲ್ಲಿ ನಿಂತು ಹೇಳಿಕೊಡದಿದ್ದರೆ ಅದು ಆಟಗಾರನ ಜೊತೆಗೇ ಹೋಗಿಬಿಡುತ್ತದೆ.

ನಮ್ಮ ರಾಜ್ಯದ ಕಥೆಯನ್ನೂ ನೋಡಿ. ಮೈಸೂರು ಎಂಬ ಹೆಸರಿನಲ್ಲಿ ನಾವು 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದೆವು. ಮತ್ತೆ ಗೆದ್ದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ. ನಮ್ಮ ಶಾಲೆಯ ಆಯುಸ್ಸಿನ ಬಹುಪಾಲು ಆ ಬರಗಾಲದಲ್ಲೇ ಕಳೆದಿದೆ. ಆಡುವ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಆಗಲೂ ಇದ್ದರು, ಈಗಲೂ ಇದ್ದಾರೆ. ಕೊರತೆ ಇದ್ದದ್ದು ಆಡಿ ಮುಗಿಸಿದವರು ಮೈದಾನಕ್ಕೆ ಹಿಂತಿರುಗಿ ಬರುವುದರಲ್ಲಿ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಅರಿಕೆ ಇಷ್ಟೇ. ಕಬಡ್ಡಿಯಲ್ಲಿ ರೈಡ್ ಮಾಡಿದವರು, ವಾಲಿಬಾಲ್‌ನಲ್ಲಿ ನೆಟ್ ಹತ್ತಿರ ನಿಂತವರು, ಓಟದಲ್ಲಿ ಪದಕ ತಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ದೇಣಿಗೆ ಕೊಡುವವರು ಕೊಡಲಿ, ಅದೂ ಬೇಕು. ಜೊತೆಗೆ ತಿಂಗಳಿಗೆ ಒಂದು ಭಾನುವಾರ ಬೆಳಿಗ್ಗೆ, ದೈಹಿಕ ಶಿಕ್ಷಕರನ್ನು ಕೇಳಿಕೊಂಡು, ಎರಡು ಗಂಟೆ ಮೈದಾನಕ್ಕೆ ಬನ್ನಿ. ಗೋಲ್ ಕಾಯುವ ಮಕ್ಕಳನ್ನು ನನಗೆ ಬಿಡಿ. ಎಲ್ಲರಿಗಿಂತ ಚಿಕ್ಕವನನ್ನೇ ಅಲ್ಲಿ ನಿಲ್ಲಿಸಿದ್ದರೂ ಚಿಂತೆಯಿಲ್ಲ. ಎಷ್ಟು ಹೆಜ್ಜೆ ಮುಂದೆ ಬರಬೇಕೆಂದು ಮೊದಲ ದಿನವೇ ಹೇಳಿಕೊಡುತ್ತೇನೆ.