ಬೆಳೆಯುವ ಹೊಟ್ಟೆಗೆ ಅಳತೆ ಇಟ್ಟವರು

ನಾವು ಓದಿದ ಚರಿತ್ರೆಯ ಪುಸ್ತಕಗಳಲ್ಲಿ ಯುದ್ಧಗಳಿದ್ದವು, ಕೋಟೆಗಳಿದ್ದವು, ದತ್ತಿ ಶಾಸನಗಳಿದ್ದವು. ಯಾವ ರಾಜ ಯಾರಿಗೆ ಯಾವ ಅಗ್ರಹಾರ ಬಿಟ್ಟುಕೊಟ್ಟ ಎಂಬುದನ್ನು ಬಾಯಿಪಾಠ ಮಾಡಿ ಪಾಸಾದೆವು. ಆದರೆ ಕೂಲಿಯಿಂದ ಬಂದ ತಾಯಿಯೊಬ್ಬಳು ಡಬ್ಬದ ತಳದಲ್ಲಿ ಉಳಿದ ಒಂದು ಪಾವು ರಾಗಿ ಹಿಟ್ಟನ್ನು ಹದಿನಾಲ್ಕರ ಮಗಳಿಗೂ ಹದಿನಾರರ ಮಗನಿಗೂ ಹೇಗೆ ಪಾಲು ಹಾಕಿದಳು ಎಂಬುದು ಯಾವ ಪಾಠದಲ್ಲೂ ಇರಲಿಲ್ಲ. ನಮ್ಮ ಕೇರಿಗಳ ಚರಿತ್ರೆ ಇರುವುದು ಆ ಡಬ್ಬದ ತಳದಲ್ಲೇ.

ಮೀಸೆ ಚಿಗುರುವ ಮಗ ‘ಇವತ್ತೂ ಮುದ್ದೇನಾ? ನಂಗ್ ಬ್ಯಾಡ’ ಅಂತ ತಟ್ಟೆ ತಳ್ಳುತ್ತಾನೆ. ಅರ್ಧ ಗಂಟೆ ಕಳೆದರೆ ‘ಅವ್ವಾ, ಏನಾರ ಐತಾ?’ ಅಂತ ಅವನೇ ಮಡಕೆಯ ಮುಚ್ಚಳ ಎತ್ತುತ್ತಾನೆ. ಹೊಟ್ಟೆ ತುಂಬ ಹಸಿವು, ನಾಲಿಗೆ ತುಂಬ ತಕರಾರು. ಇದನ್ನು ಕಂಡ ಊರಿನವರು ‘ಇಲ್ದೋರ ಮನೇಲಿ ಹುಟ್ಟಿ ಇವನಿಗೆಂಥಾ ರುಚಿ’ ಅನ್ನುತ್ತಾರೆ. ಉಳ್ಳವರ ಮನೆಯ ಹುಡುಗ ಬೇಡ ಅಂದರೆ ಅದು ಅಭಿರುಚಿ. ನಮ್ಮ ಹುಡುಗ ಬ್ಯಾಡ ಅಂದರೆ ಅದು ಕೊಬ್ಬು. ಗೆಳೆಯರೆ, ಈ ‘ಬ್ಯಾಡ’ ಎಂಬ ಮಾತಿಗೂ ‘ಇನ್ನೂ ಬೇಕು’ ಎಂಬ ಮಾತಿಗೂ ಒಂದು ಚರಿತ್ರೆ ಇದೆ. ಅದನ್ನು ನಾವೇ ಬರೆದುಕೊಳ್ಳಬೇಕು.

ಮೊದಲು ಲೆಕ್ಕ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 16ರಿಂದ 18 ವರ್ಷದ ಹುಡುಗನಿಗೆ ದಿನಕ್ಕೆ 3,320 ಕ್ಯಾಲೊರಿ ಬೇಕು. ಮಧ್ಯಮ ದುಡಿಮೆಯ ವಯಸ್ಕ ಗಂಡಸಿಗೆ 2,710 ಸಾಕು. ಅದೇ ವಯಸ್ಸಿನ ಹುಡುಗಿಗೆ 2,500 ಬೇಕು, ದುಡಿಯುವ ತಾಯಿಗೆ 2,130. ಅಂದರೆ ಮನೆಯಲ್ಲಿ ಹೆಚ್ಚು ಉಣ್ಣಬೇಕಾದವರು ಈ ಮಕ್ಕಳೇ. ಮೂಳೆ ಉದ್ದವಾಗುವ, ರಕ್ತ ಹೆಚ್ಚುವ, ಹುಡುಗಿ ಮುಟ್ಟಾಗುವ ವಯಸ್ಸು ಅದು. ‘ಎಷ್ಟು ಹಾಕಿದರೂ ಸಾಲದು, ಹೊಟ್ಟೆಯೋ ಹಗೇವೋ’ ಎಂದು ನಮ್ಮ ಅವ್ವಂದಿರು ಬಯ್ಯುತ್ತಿದ್ದರಲ್ಲ, ವಿಜ್ಞಾನ ಈಗ ಅದಕ್ಕೆ ಅಂಕಿ ಕೊಟ್ಟಿದೆ.

ಬಡವರ ಹೊಟ್ಟೆಯನ್ನು ಅಳೆಯುವ ಕೆಲಸ ಇವತ್ತಿನದಲ್ಲ. 1876ರಿಂದ 78ರವರೆಗಿನ ಬರದಲ್ಲಿ ಮೈಸೂರು ಸೀಮೆ, ಬಳ್ಳಾರಿ ಸೀಮೆಗಳು ಹೆಣದ ಸೀಮೆಗಳಾದವು. ಆಗ ಬ್ರಿಟಿಷ್ ಸರ್ಕಾರ ಕಳಿಸಿದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಪರಿಹಾರದ ಕೆಲಸದಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಒಂದಿಷ್ಟು ಚಿಲ್ಲರೆ ಕಾಸು ಸಾಕು ಎಂದ. ಒಂದು ಪೌಂಡ್ ಎಂದರೆ ಅರ್ಧ ಕೇಜಿಗೂ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ವಿರೋಧಿಸಿದ. ಆದರೂ 1877ರ ಮೊದಲ ತಿಂಗಳುಗಳಲ್ಲಿ ಆ ಅಳತೆಯೇ ನಡೆಯಿತು. ಸರ್ಕಾರ ಬಡವನ ಹೊಟ್ಟೆಗೆ ಲೆಕ್ಕ ಹಾಕಿದಾಗ ಕೇಳಿದ ಪ್ರಶ್ನೆ ಒಂದೇ: ಎಷ್ಟು ಕಡಿಮೆ ಕೊಟ್ಟರೆ ಇವನು ಸಾಯದೆ ದುಡಿಯುತ್ತಾನೆ?

ಊರಿನ ಅಳತೆ ಇನ್ನೂ ಕ್ರೂರ. ಅಲ್ಲಿ ಜೀತಕ್ಕಿದ್ದ ಹುಡುಗನಿಗೆ ಗೌಡರ ಮನೆ ಹಿತ್ತಲಲ್ಲಿ ಎತ್ತಿ ಹಾಕುತ್ತಿದ್ದುದು ತಂಗಳು ಹಿಟ್ಟು, ಹಳಸಿದ ಸಾರು. ಮದುವೆ ಮನೆಯ ಎಂಜಲೆಲೆ ನಮ್ಮ ಪಾಲು, ಸತ್ತ ದನ ನಮ್ಮ ಪಾಲು. ಎತ್ತಿ ಹಾಕಿದ್ದಕ್ಕೆ ಬ್ಯಾಡ ಎನ್ನುವ ಅಧಿಕಾರ ಆ ಹುಡುಗನಿಗಿರಲಿಲ್ಲ. ಅಂದರೆ ಹೊಡೆತ. ಹಸಿವು ನಮ್ಮ ಬಾಯಿಂದ ಅನ್ನವನ್ನಷ್ಟೇ ಕಸಿಯಲಿಲ್ಲ, ಬ್ಯಾಡ ಎಂಬ ಮಾತನ್ನೂ ಕಸಿಯಿತು.

ಆ ಮಾತನ್ನು ಮರಳಿ ತಂದುಕೊಟ್ಟವರು ಬಾಬಾಸಾಹೇಬರು. 1927ರ ಮಾರ್ಚಿಯಲ್ಲಿ ಮಹಾಡ್‌ನ ಸಮಾವೇಶದಲ್ಲಿ ಅವರು ಜನರಿಗೆ ಹೇಳಿದ ಮಾತುಗಳಲ್ಲಿ ಮುಖ್ಯವಾದದ್ದು ಇದು: ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ. ಮರುದಿನ ಅದೇ ಜನ ಚವದಾರ್ ಕೆರೆಗೆ ನಡೆದು ನೀರು ಕುಡಿದರು. ಕೆರೆಯ ನೀರನ್ನು ಬೇಕು ಎನ್ನುವುದಕ್ಕೆ ಮುಂಚೆ ಎಂಜಲನ್ನು ಬೇಡ ಎಂದರು. ಹಸಿದವನು ಬೇಡ ಎನ್ನುವುದು ಎಷ್ಟು ಕಷ್ಟ ಎಂಬುದು ಹಸಿದವನಿಗೇ ಗೊತ್ತು.

ಬೇಡ ಎಂದ ಮೇಲೆ ಮಕ್ಕಳಿಗೆ ಉಣ್ಣಲು ಏನು? ಆ ಪ್ರಶ್ನೆಯನ್ನೂ ಅವರೇ ಎತ್ತಿಕೊಂಡರು. 1928ರಲ್ಲಿ ಅವರು ಕಟ್ಟಿದ ಶಿಕ್ಷಣ ಸಂಸ್ಥೆ, ಹೈಸ್ಕೂಲು ಓದುವ ದಲಿತ ಹುಡುಗರಿಗಾಗಿ ಹಾಸ್ಟೆಲುಗಳನ್ನು ನಡೆಸಿತು. ಅದರಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಒಮ್ಮೆ ಅಲ್ಲಿ ದುಡ್ಡು ಬರುವುದು ತಡವಾಗಿ ಒಲೆ ಆರಿದಾಗ, ರಮಾಬಾಯಿಯವರು ತಮ್ಮ ಕೈಬಳೆ ಬಿಚ್ಚಿಕೊಟ್ಟು ಮಕ್ಕಳಿಗೆ ಉಣ್ಣಿಸಿದರು ಎಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಪುಸ್ತಕ ಕೊಟ್ಟರೆ ಸಾಲದು, ಆ ವಯಸ್ಸಿಗೆ ಹೊಟ್ಟೆ ತುಂಬ ಕೊಡಬೇಕು ಎಂಬುದು ಆ ತಾಯಿಗೆ ತಿಳಿದಿತ್ತು.

ಸ್ವಾತಂತ್ರ್ಯ ಬಂತು. 1960ರ ದಶಕದ ಬರಗಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂತು, ಮೈಲೋ ಎಂಬ ಕೆಂಪು ಜೋಳ ಬಂತು. ಅವರ ದೇಶದಲ್ಲಿ ಅದು ದನಕ್ಕೆ ಹಾಕುವ ಮೇವು. ನ್ಯಾಯಬೆಲೆ ಅಂಗಡಿಯಲ್ಲಿ ನಮ್ಮ ತಾತಂದಿರು ಅದನ್ನು ಸಾಲು ನಿಂತು ತಂದರು. ಶಾಲೆಯಲ್ಲಿ ಕೇರ್ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿ ಕದಡಿದ ಹಾಲು. ಆ ವಾಸನೆಗೆ ಮೂಗು ಮುಚ್ಚಿಕೊಂಡು ಉಂಡ ಮಕ್ಕಳು ಇವತ್ತು ಅಜ್ಜ ಅಜ್ಜಿಯರು. ಆ ಉಪ್ಪಿಟ್ಟಿನಿಂದ ಎಷ್ಟೋ ಮಕ್ಕಳು ಶಾಲೆಯಲ್ಲಿ ಉಳಿದರು, ಇದು ನಿಜ. ಆ ಮಕ್ಕಳಿಗೆ ಏನು ಇಷ್ಟ ಎಂದು ಯಾರೂ ಕೇಳಲಿಲ್ಲ, ಇದೂ ನಿಜ.

ಆಗ ನಮ್ಮ ಸೀಮೆಯ ಬಡವರಿಗೆ ಅನ್ನ ಎಂದರೆ ಹಬ್ಬ. ಮುದ್ದೆ ಉಣ್ಣುವವನು ಆಳು, ಅನ್ನ ಉಣ್ಣುವವನು ಒಡೆಯ. ಇವತ್ತಿನ ಹುಡುಗ ಮುದ್ದೆ ತಳ್ಳಿ ಅನ್ನ ಕೇಳುವಾಗ ಕೇಳುತ್ತಿರುವುದು ಬರೀ ರುಚಿಯನ್ನಲ್ಲ, ಒಡೆಯನ ತಟ್ಟೆಯನ್ನು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದು ಕೇಜಿಗೆ 1 ರೂಪಾಯಿಯಂತೆ ಮನೆಗೆ 30 ಕೇಜಿವರೆಗೆ ಅಕ್ಕಿ ಸಿಕ್ಕಿದಾಗ, ‘ಇನ್ನು ಕೂಲಿಗೆ ಆಳು ಸಿಕ್ಕಲ್ಲ, ಸೋಮಾರಿಗಳಾದರು’ ಎಂದು ಜಮೀನ್ದಾರರು ಗೊಣಗಿದರು. ಅವರ ಗೊಣಗಾಟವೇ ಆ ಅಕ್ಕಿಯ ಬೆಲೆ ಏನೆಂದು ಹೇಳಿತು. ನಮ್ಮ ಮನೆಗಳಲ್ಲಿ ದಿನಾ ಅನ್ನ ಬೆಂದದ್ದು ಸಣ್ಣ ಕ್ರಾಂತಿಯೇ.

ಆದರೆ ಅಕ್ಕಿಯೊಂದರಿಂದ ಬೆಳೆಯುವ ಮೈ ತುಂಬುವುದಿಲ್ಲ. ತಲೆಗೆ ತಿಂಗಳಿಗೆ 5 ಕೇಜಿ ಅಕ್ಕಿ ಎಂದರೆ ದಿನಕ್ಕೆ ಹೆಚ್ಚುಕಡಿಮೆ 165 ಗ್ರಾಂ, 600 ಕ್ಯಾಲೊರಿಗೂ ಕಡಿಮೆ. 10 ಕೇಜಿ ಕೊಟ್ಟರೂ ಹದಿನೇಳರ ಹುಡುಗನಿಗೆ ಬೇಕಾದುದರಲ್ಲಿ ಮೂರನೇ ಒಂದು ಪಾಲು ಮಾತ್ರ. ರೇಷನ್ ಕಾರ್ಡಿನಲ್ಲಿ ಐದು ವರ್ಷದ ಕೂಸೂ ಒಂದು ತಲೆ, ಹದಿನೇಳರ ಹುಡುಗನೂ ಒಂದು ತಲೆ. ಕಾರ್ಡಿಗೆ ವಯಸ್ಸಿಲ್ಲ. ಮೇಲಾಗಿ, ನಾವು ಆಳಿನ ಊಟವೆಂದು ನಾಚಿದ ರಾಗಿಯಲ್ಲಿ ಅಕ್ಕಿಗಿಂತ ಮೂವತ್ತು ಪಾಲು ಹೆಚ್ಚು ಸುಣ್ಣದ ಸತ್ವವಿದೆ. ಈಗ ಪೇಟೆಯವರು ಅದನ್ನೇ ಸಿರಿವಂತರ ಆರೋಗ್ಯದ ಊಟವೆಂದು ಮಾರುತ್ತಿದ್ದಾರೆ. ನಮ್ಮ ಮುದ್ದೆಯನ್ನು ನಮಗೇ ಅವಮಾನ ಮಾಡಿ ಬಿಡಿಸಿ, ಆಮೇಲೆ ದುಬಾರಿ ಪೊಟ್ಟಣ ಕಟ್ಟಿ ಮಾರುವುದು ಈ ವ್ಯವಸ್ಥೆಯ ಚಾಲಾಕಿ.

ಇನ್ನು ಕಾನೂನು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ನಮ್ಮಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಗಿ ಮುಂದೆ ಹತ್ತನೇ ತರಗತಿಯವರೆಗೂ ಬಂತು. ಇದು ಹೋರಾಟದ ಫಲ, ಯಾರ ಭಿಕ್ಷೆಯೂ ಅಲ್ಲ. ಆದರೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಶಾಲೆಯ ಊಟವನ್ನು ಹಕ್ಕೆಂದು ಒಪ್ಪಿದ್ದು 6ರಿಂದ 14 ವರ್ಷದವರಿಗೆ ಮಾತ್ರ. ಹಸಿವು ದೊಡ್ಡದಾಗುವ ವಯಸ್ಸಿಗೆ ಸರಿಯಾಗಿ ಕಾಯ್ದೆ ಕೈ ತೊಳೆದುಕೊಳ್ಳುತ್ತದೆ. ಪಿಯುಸಿಗೆಂದು ಬೆಳಗಿನ ಬಸ್ಸು ಹತ್ತುವ ಕೂಲಿಕಾರನ ಮಗಳಿಗೆ ಆ ಕಾಯ್ದೆಯಲ್ಲಿ ತಟ್ಟೆಯಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡದ್ದು ಸುಮ್ಮನೆ ಅಲ್ಲ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ಎದ್ದು ನಿಂತರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಆದರೂ ತಿನ್ನುವ ಮಕ್ಕಳ ತಟ್ಟೆಯಿಂದ ಮೊಟ್ಟೆ ತೆಗೆಯಬೇಕೆಂಬುದು ಅವರ ಹಟ. ಆಗ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಗುಡುಗಿದಳು. ನಾಡೆಲ್ಲ ಅವಳ ಮಾತು ಕೇಳಿತು. ಎಷ್ಟೋ ಸಭೆ, ಠರಾವು ಮಾಡಿಯೂ ನಮ್ಮಿಂದಾಗದ ಕೆಲಸವನ್ನು ಆ ಹುಡುಗಿ ಒಂದು ಮಾತಿನಲ್ಲಿ ಮಾಡಿದಳು. 2022ರಲ್ಲಿ ಮೊಟ್ಟೆ ರಾಜ್ಯಕ್ಕೆಲ್ಲ ಬಂತು, 2023ರಲ್ಲಿ ಒಂಬತ್ತು ಹತ್ತನೆಯ ತರಗತಿಗೂ ಬಂತು.

ಸರ್ಕಾರ ಬಿಟ್ಟ ಜಾಗವನ್ನೆಲ್ಲ ತುಂಬುವವಳು ಅವ್ವ. ಅವಳಷ್ಟು ದೊಡ್ಡ ಅರ್ಥಶಾಸ್ತ್ರಜ್ಞರನ್ನು ನಾವು ಕಾಣೆವು. ಒಂದೇ ಪಾತ್ರೆಯಲ್ಲಿ ಕಾಳು ಸೊಪ್ಪು ಬೇಯಿಸಿ ನೀರು ಬಸಿದು, ನೀರಿಗೆ ಖಾರ ಕೂಡಿಸಿ ಬಸ್ಸಾರು, ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ಒಂದು ಬೇಯಿಸಿದ್ದು ಎರಡಾಯಿತು. ಮುದ್ದೆ ಬ್ಯಾಡ ಅನ್ನುವ ಮಗನಿಗೆ ಅದೇ ಹಿಟ್ಟಿನಲ್ಲಿ ಈರುಳ್ಳಿ ಹಾಕಿ ರೊಟ್ಟಿ ತಟ್ಟುತ್ತಾಳೆ. ಹುರುಳಿ ಮೊಳಕೆ ಕಟ್ಟುತ್ತಾಳೆ, ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಹೊನಗೊನ್ನೆ ಕುಯ್ದು ತರುತ್ತಾಳೆ. ಈಗ ಕಳೆನಾಶಕ ಹೊಡೆದು ಬದುವಿನ ಸೊಪ್ಪೂ ಸಾಯುತ್ತಿದೆ. ಕಡಿಮೆ ಕಾಸಿಗೆ ಸಿಗುತ್ತಿದ್ದ ದನದ ಬಾಡಿನ ಮೇಲೆ 2021ರಲ್ಲಿ ಜಾರಿಗೆ ಬಂದ ಕಾಯ್ದೆ ಕೈ ಹಾಕಿತು. ಅತ್ತ ಅಂಗಡಿಯಲ್ಲಿ ಐದು ರೂಪಾಯಿ ಪೊಟ್ಟಣ ನೇತಾಡುತ್ತಿದೆ. ಹುಡುಗರ ನಾಲಿಗೆಗೆ ಏನು ಬೇಕೆಂದು ಸರ್ಕಾರ ಕೇಳಲಿಲ್ಲ, ವ್ಯಾಪಾರಿ ಕೇಳಿದ. ಉಪ್ಪು ಖಾರ ಎಣ್ಣೆ ಕೊಟ್ಟು ಕೂಲಿಯ ಚಿಲ್ಲರೆ ತೆಗೆದುಕೊಂಡ.

ಒಂದು ಮಾತನ್ನು ನಮ್ಮೊಳಗೇ ಆಡಿಕೊಳ್ಳಬೇಕು. ನಮ್ಮ ಮನೆಗಳಲ್ಲೂ ಬಾಡಿನ ತುಂಡು ಮೊದಲು ಅಪ್ಪನಿಗೆ, ಆಮೇಲೆ ಮಗನಿಗೆ. ಮಗಳಿಗೆ ಸಾರು. ಅವ್ವನಿಗೆ ಪಾತ್ರೆಯ ತಳ. ಅಣ್ಣ ಬ್ಯಾಡ ಅನ್ನಬಹುದು, ತಂಗಿ ಅನ್ನುವ ಹಾಗಿಲ್ಲ. ಊರು ನಮಗೆ ಮಾಡಿದ್ದನ್ನು ನಾವು ಒಲೆಯ ಮುಂದೆ ಅವಳಿಗೆ ಮಾಡಿದರೆ ನಮ್ಮ ಬಂಡಾಯಕ್ಕೆ ಯಾವ ಅರ್ಥವೂ ಉಳಿಯುವುದಿಲ್ಲ.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮ ಕೋರಿಕೆ ಇಷ್ಟು. ಮಗು ತಟ್ಟೆ ತಳ್ಳಿದರೆ ಗದರಿಸುವ ಮುಂಚೆ ಯಾಕೆಂದು ಕೇಳಿ. ಹಾಸ್ಟೆಲಿನ ಊಟದ ಪಟ್ಟಿಯನ್ನು ಉಣ್ಣುವ ಹುಡುಗ ಹುಡುಗಿಯರೇ ಕೂತು ಬರೆಯಲಿ. ಪಡಿತರದಲ್ಲಿ ಅಕ್ಕಿಯ ಜೊತೆ ರಾಗಿ, ಜೋಳ, ಕಾಳು, ಎಣ್ಣೆ ಬರಲಿ. ಊಟದ ಹಕ್ಕಿಗೆ ಹಾಕಿದ 14ರ ಗೆರೆಯನ್ನು 18ಕ್ಕೆ ಸರಿಸುವಂತೆ ಪ್ರತಿ ತಾಲ್ಲೂಕಿನಿಂದ ಒತ್ತಾಯ ಹೋಗಲಿ. ಇವತ್ತು ರಾತ್ರಿ ನಮ್ಮ ನಮ್ಮ ಮನೆಗಳಲ್ಲಿ ಮೊದಲ ತುಂಡು ತಂಗಿಯ ತಟ್ಟೆಗೆ ಬೀಳಲಿ. ಇದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.