ರೇಷ್ಮೆ, ನ್ಯಾನೋ ಕಣ ಮತ್ತು ರೋಗನಿರೋಧಕ ಚಿಕಿತ್ಸೆ: ಬಿಡದಿ ಸೀಮೆಯಿಂದ ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಮುಂದುವರಿದ ಹಂತದ ಕ್ಯಾನ್ಸರಿಗೆ ನ್ಯಾನೋ ವಸ್ತುಗಳಿಂದ ಏನು ಉಪಯೋಗ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಕಣವು ಔಷಧಿಯನ್ನು ಹೊತ್ತು ನೇರ ಗಡ್ಡೆಗೇ ಮುಟ್ಟಿಸುತ್ತದೆ. ಕಳೆದ ನಾಲ್ಕು ದಶಕಗಳ ದಾಖಲೆ ಈ ಮಾತಿಗೆ ಅಷ್ಟಾಗಿ ಒತ್ತಾಸೆಯಾಗಿ ನಿಲ್ಲುವುದಿಲ್ಲ. ಇಮ್ಯುನೋಥೆರಪಿ ಎಂದೇ ಬಳಕೆಯಲ್ಲಿರುವ ರೋಗನಿರೋಧಕ ಚಿಕಿತ್ಸೆಯ ಮಟ್ಟಿಗೆ ನೋಡಿದರೆ ಹೆಚ್ಚು ಭರವಸೆ ಕಾಣುವುದು ಬೇರೆ ಎರಡು ದಾರಿಗಳಲ್ಲಿ. ಒಂದು, ಔಷಧಿಯ ಜೊತೆ ದೇಹಕ್ಕೆ ಹೋಗುತ್ತಿದ್ದ ಬೇಡದ ವಸ್ತುವನ್ನು ಕೈಬಿಡುವುದು. ಇನ್ನೊಂದು, ಔಷಧಿಯನ್ನು ಒಂದೆಡೆ ನಿಲ್ಲಿಸಿ ನಿಧಾನವಾಗಿ ಬಿಡುವುದು. ಎರಡನೆಯದಕ್ಕೆ ಒದಗಬಲ್ಲ ಒಂದು ವಸ್ತು ಬಿಡದಿ ಕೈಗಾರಿಕಾ ಪ್ರದೇಶದ ಪಕ್ಕದಲ್ಲೇ, ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ. ಈ ಲೇಖನ ಆ ಎರಡು ದಾರಿಗಳ ಚರಿತ್ರೆಯನ್ನು ಕರ್ನಾಟಕದ ನೆಲೆಯಿಂದ ನೋಡುತ್ತದೆ.

ಎರಡು ಧಾರೆಗಳು

ರೋಗನಿರೋಧಕ ಚಿಕಿತ್ಸೆಯ ಚರಿತ್ರೆಯನ್ನು ಸಾಮಾನ್ಯವಾಗಿ 1891ರಿಂದ ಎಣಿಸುತ್ತಾರೆ. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಆ ವರ್ಷ ರೋಗಿಯೊಬ್ಬರ ಗಡ್ಡೆಗೆ ಬ್ಯಾಕ್ಟೀರಿಯಾ ಚುಚ್ಚಿ ದೇಹದ ರಕ್ಷಣಾ ಶಕ್ತಿಯನ್ನು ಕೆರಳಿಸಲು ಯತ್ನಿಸಿದರು. ಅದಾಗಿ ಶತಮಾನದ ನಂತರ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಸಮಸ್ಯೆಯನ್ನು ಬೇರೆ ಕಡೆಯಿಂದ ಬಿಡಿಸಿದರು. ದೇಹದ ರಕ್ಷಣಾ ಪಡೆಯ ಟಿ ಕೋಶಗಳಿಗೆ ಸಿಟಿಎಲ್‌ಎ-4, ಪಿಡಿ-1 ಎಂಬ ಕಡಿವಾಣಗಳಿವೆ. ಅವನ್ನು ಸಡಿಲಿಸಿದರೆ ಕೋಶಗಳು ತಾವೇ ಕ್ಯಾನ್ಸರಿನ ಮೇಲೆ ಎರಗುತ್ತವೆ. ಈ ತತ್ತ್ವದ ಮೊದಲ ಪ್ರತಿಕಾಯ ಔಷಧಿ ಇಪಿಲಿಮುಮ್ಯಾಬ್‌ಗೆ ಅಮೆರಿಕದಲ್ಲಿ 2011ರಲ್ಲಿ ಮನ್ನಣೆ ಸಿಕ್ಕಿತು. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ನ್ಯಾನೋ ಧಾರೆ ಬೇರೆಯೇ ಹರಿಯಿತು. ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಸೋರಿದ ದೊಡ್ಡ ಅಣುಗಳು ಅಲ್ಲೇ ಉಳಿಯುತ್ತವೆ ಎಂದು 1986ರಲ್ಲಿ ಜಪಾನಿನ ಮತ್ಸುಮುರ ಮತ್ತು ಮಯೆದ ತೋರಿಸಿದರು. ಕಣ ತಾನಾಗಿಯೇ ಗಡ್ಡೆ ಸೇರುತ್ತದೆಂಬ ನಂಬಿಕೆಗೆ ಬುನಾದಿ ಇದು. 1995ರಲ್ಲಿ ಕೊಬ್ಬಿನ ಕೋಶಿಕೆಯಲ್ಲಿಟ್ಟ ಡಾಕ್ಸಿಲ್, 2005ರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಔಷಧಿಯನ್ನು ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿದ ಅಬ್ರಾಕ್ಸೇನ್ ಅಮೆರಿಕದ ಮಾರುಕಟ್ಟೆಗೆ ಬಂದವು. ಆದರೆ ಟೊರಾಂಟೊದ ವಾರೆನ್ ಚಾನ್ ತಂಡ ಹತ್ತು ವರ್ಷಗಳ ಪ್ರಕಟಿತ ಪ್ರಯೋಗಗಳನ್ನು ಒಟ್ಟಿಗಿಟ್ಟು 2016ರಲ್ಲಿ ಲೆಕ್ಕ ಹಾಕಿದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆ ಸೇರಿದ ಪಾಲಿನ ಮಧ್ಯಾಂಕ ಬರೀ ಶೇಕಡಾ 0.7 ಎಂದು ತಿಳಿಯಿತು.

ಧಾರೆಗಳು ಕೂಡಿದ ಜಾಗ

ಎರಡೂ ಧಾರೆಗಳು ಆಸ್ಪತ್ರೆಯ ಮಟ್ಟದಲ್ಲಿ ಕೂಡಿದ್ದು ಸ್ತನ ಕ್ಯಾನ್ಸರಿನ ಅತಿ ಕಠಿಣ ಬಗೆಯಾದ ಟ್ರಿಪಲ್ ನೆಗೆಟಿವ್‌ನಲ್ಲಿ. 902 ರೋಗಿಗಳ ಇಂಪ್ಯಾಶನ್130 ಅಧ್ಯಯನದಲ್ಲಿ ಅಬ್ರಾಕ್ಸೇನ್ ಜೊತೆ ಅಟೆಜೊಲಿಜುಮ್ಯಾಬ್ ಎಂಬ ಪ್ರತಿಕಾಯ ಕೊಟ್ಟಾಗ, ಪಿಡಿ-1ಕ್ಕೆ ಅಂಟುವ ಪಿಡಿ-ಎಲ್1 ಪ್ರೋಟೀನಿನ ಗುರುತು ಇದ್ದವರಲ್ಲಿ ರೋಗ ಉಲ್ಬಣಿಸದೆ ನಿಂತ ಅವಧಿ 5 ತಿಂಗಳಿನಿಂದ 7.5 ತಿಂಗಳಿಗೆ ಏರಿತು. 2019ರಲ್ಲಿ ಅಮೆರಿಕ ಈ ಜೋಡಿಗೆ ತ್ವರಿತ ಮನ್ನಣೆ ನೀಡಿತು. ಅದೇ ಪ್ರತಿಕಾಯವನ್ನು ಸಾಮಾನ್ಯ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಕೊಟ್ಟ ಇಂಪ್ಯಾಶನ್131ರಲ್ಲಿ ಮಾತ್ರ ಲಾಭ ಕಾಣಲಿಲ್ಲ. 2021ರಲ್ಲಿ ಪ್ರತಿಕಾಯದ ಕಂಪನಿಯೇ ಅಮೆರಿಕದಲ್ಲಿ ಆ ಬಳಕೆಯನ್ನು ಹಿಂತೆಗೆದುಕೊಂಡಿತು.

ವ್ಯತ್ಯಾಸ ಏಕೆ? ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಹಳೆಯ ರೂಪದಲ್ಲಿ ಅದನ್ನು ಕ್ರೆಮೊಫಾರ್ ಎಂಬ ದ್ರಾವಕದಲ್ಲಿ ಕೊಡುತ್ತಾರೆ. ಆ ದ್ರಾವಕ ಅಲರ್ಜಿ ತರುವುದರಿಂದ ಮುಂಚಿತವಾಗಿ ಸ್ಟೀರಾಯ್ಡ್ ಬೇಕಾಗುತ್ತದೆ. ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಸುಮಾರು 130 ನ್ಯಾನೋಮೀಟರ್ ಗಾತ್ರದ ಆಲ್ಬುಮಿನ್ ಕಣಕ್ಕೆ ಆ ದ್ರಾವಕ ಬೇಡ, ವಾಡಿಕೆಯ ಸ್ಟೀರಾಯ್ಡೂ ಬೇಡ. ಈ ವಿವರಣೆ ಇನ್ನೂ ಸಾಬೀತಾಗಿಲ್ಲ, ಇದನ್ನು ಒಪ್ಪದ ತಜ್ಞರೂ ಇದ್ದಾರೆ. ಆದರೂ ಕಣದ ಗುಣವನ್ನು ಅದು ಗಡ್ಡೆಗೆ ಒಯ್ದುದರಿಂದಷ್ಟೇ ಅಳೆಯಬಾರದು, ದೇಹಕ್ಕೆ ಒಯ್ಯದೆ ಬಿಟ್ಟದ್ದರಿಂದಲೂ ಅಳೆಯಬೇಕು ಎಂಬ ಹೊಸ ಮಾನದಂಡ ಇಲ್ಲಿ ಸಿಗುತ್ತದೆ.

ಕರ್ನಾಟಕದ ಕೊಂಡಿಗಳು

ಪ್ರತಿಕಾಯ, ನ್ಯಾನೋ ಕಣ ಎಂಬ ಈ ಎರಡು ಬಗೆಯ ಔಷಧಿಗಳೂ ಬೆಂಗಳೂರಿಗೆ ಹೊಸವಲ್ಲ. ಬಯೋಕಾನ್ 2006ರಲ್ಲಿ ಕ್ಯೂಬಾದ ಸಹಯೋಗದ ನಿಮೊಟುಜುಮ್ಯಾಬ್ ಪ್ರತಿಕಾಯವನ್ನು ತಲೆ-ಕತ್ತಿನ ಕ್ಯಾನ್ಸರಿಗಾಗಿ ಹೊರತಂದಿತು; 2008ರಲ್ಲಿ ಅಬ್ರಾಕ್ಸೇನ್ ಅನ್ನೂ ಭಾರತಕ್ಕೆ ತಂದಿತು. 2025ರ ಆರಂಭದಲ್ಲಿ ಇಮ್ಯುನೀಲ್ ಸಂಸ್ಥೆ ರಕ್ತದ ಕ್ಯಾನ್ಸರಿಗೆ ರೋಗಿಯದೇ ಟಿ ಕೋಶಗಳನ್ನು ಮಾರ್ಪಡಿಸಿ ಕೊಡುವ ಸಿಎಆರ್-ಟಿ ಕೋಶ ಚಿಕಿತ್ಸೆಯನ್ನು ಬಿಡುಗಡೆ ಮಾಡಿತು. ಆದರೆ ಹೊಗೆಸೊಪ್ಪಿನ ಈ ನಾಡಿನಲ್ಲಿ ಕಿದ್ವಾಯಿಯಂಥ ಆಸ್ಪತ್ರೆಗಳಿಗೆ ಬರುವ ಬಾಯಿ, ಗಂಟಲಿನ ಗಡ್ಡೆಗಳಿಗೆ ಕೋಶ ಚಿಕಿತ್ಸೆ ಇನ್ನೂ ದಕ್ಕಿಲ್ಲ.

ಅಂಥ ರೋಗಿಗಳ ಬಗ್ಗೆ ಗಮನಿಸಬೇಕಾದ ಅಧ್ಯಯನ ಬಂದದ್ದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಿಂದ, 2022ರಲ್ಲಿ. ತಲೆ-ಕತ್ತಿನ ಮುಂದುವರಿದ ಕ್ಯಾನ್ಸರ್ ಇದ್ದ 151 ಮಂದಿಯಲ್ಲಿ ಒಂದು ಗುಂಪಿಗೆ ಬಾಯಿಯ ಮೂಲಕ ಕೊಡುವ ಅಗ್ಗದ ಔಷಧಿಗಳ ಜೊತೆ ಮೂರು ವಾರಕ್ಕೊಮ್ಮೆ ಪಿಡಿ-1 ಕಡಿವಾಣ ಸಡಿಲಿಸುವ ಪ್ರತಿಕಾಯ ನಿವೊಲುಮ್ಯಾಬ್ ಅನ್ನು 20 ಮಿ.ಗ್ರಾಂ ಕೊಟ್ಟರು. ಇದು ವಾಡಿಕೆಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಒಂದು ವರ್ಷ ಬದುಕುಳಿದವರ ಪ್ರಮಾಣ ಶೇಕಡಾ 16.3ರಿಂದ 43.4ಕ್ಕೆ ಏರಿತು. ಇಲ್ಲಿ ನ್ಯಾನೋ ಕಣವೇನೂ ಇಲ್ಲ. ಆದರೆ ಅಲ್ಪ ಪ್ರಮಾಣವೂ ಕೆಲಸ ಮಾಡಬಲ್ಲದೆಂದರೆ, ಆ ಅಲ್ಪವನ್ನು ಒಂದೆಡೆ ನಿಲ್ಲಿಸುವ ವಸ್ತುವಿಗೆ ಬೆಲೆ ಬರುತ್ತದೆ.

ಗೂಡಿನಿಂದ ಕಣಕ್ಕೆ

ಅಂಥ ಒಂದು ವಸ್ತು ಫೈಬ್ರಾಯಿನ್, ರೇಷ್ಮೆ ಎಳೆಯ ತಿರುಳಿನ ಪ್ರೋಟೀನು. 1989ರಲ್ಲಿ ಸ್ಥಾಪನೆಯಾದ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ಚುಚ್ಚಬಹುದಾದ ಫೈಬ್ರಾಯಿನ್ ಜೆಲ್ ರೂಪಿಸಿತು. ಮಧುಮೇಹದ ಇಲಿಗಳ ಚರ್ಮದಡಿ ಅದನ್ನು ಇಟ್ಟಾಗ ಅದರೊಳಗಿನ ಇನ್ಸುಲಿನ್ ನಾಲ್ಕು ದಿನಗಳವರೆಗೆ ಕೆಲಸ ಮಾಡಿತೆಂದು 2020ರಲ್ಲಿ ವರದಿಯಾಯಿತು. ಇದು ಕ್ಯಾನ್ಸರಿನ ಪ್ರಯೋಗವಲ್ಲ. ಆದರೆ ಇನ್ಸುಲಿನ್‌ನಂತೆ ಪ್ರತಿಕಾಯವೂ ಪ್ರೋಟೀನೇ, ಎರಡಕ್ಕೂ ಕೆಡದೆ ಉಳಿಯುವುದೇ ಕಷ್ಟ.

ಗೂಡಿನ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಪಾಲು ಸೆರಿಸಿನ್ ಎಂಬ ಅಂಟು. ಹಳೆಯ ರೇಷ್ಮೆ ಹೊಲಿಗೆ ದಾರಗಳಿಂದ ಆಗುತ್ತಿದ್ದ ಅಲರ್ಜಿಗೆ ಅದೇ ಕಾರಣವೆಂದು ಬಹುಕಾಲದಿಂದ ಹೇಳಲಾಗಿದೆ. ಹಾಗಾಗಿ ರೋಗನಿರೋಧಕ ಚಿಕಿತ್ಸೆಗೆ ಅದನ್ನು ಪೂರ್ತಿ ತೆಗೆಯಲೇಬೇಕು. ಪ್ರಯೋಗಾಲಯದಲ್ಲಿ ಗೂಡನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಕುದಿಸಿ ಅಂಟು ಬಿಡಿಸುತ್ತಾರೆ, ಲಿಥಿಯಂ ಬ್ರೋಮೈಡ್‌ನಲ್ಲಿ ಕರಗಿಸಿ ಲವಣ ತೆಗೆಯುತ್ತಾರೆ. ಆ ದ್ರಾವಣವನ್ನು ಅಸಿಟೋನಿಗೆ ಹನಿಸಿದರೆ ಸುಮಾರು 100 ನ್ಯಾನೋಮೀಟರಿನ ಕಣಗಳು ಮೂಡುತ್ತವೆ. ಕುದಿಸುವ ಹೊತ್ತು ಹೆಚ್ಚಿದಷ್ಟೂ ಪ್ರೋಟೀನಿನ ಸರಪಳಿ ತುಂಡಾಗುತ್ತದೆ, ಔಷಧಿ ಬಿಡುವ ವೇಗವೂ ಬದಲಾಗುತ್ತದೆ.

ಉಪಸಂಹಾರ

ರಾಮನಗರದ ಮಾರುಕಟ್ಟೆಯಲ್ಲಿ ದ್ವಿತಳಿ, ಮಿಶ್ರತಳಿ ಗೂಡುಗಳ ಬೆಲೆ ನಿಲ್ಲುವುದು ರೆಂಡಿಟ್ಟಾ ಮೇಲೆ, ಅಂದರೆ ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕೆಂಬುದರ ಮೇಲೆ. ನೂಲು ಬಿಚ್ಚುವವರಿಗೆ ಆ ಅಳತೆ ಸಾಕು. ಔಷಧಿಗೆ ಬೇಕಾದದ್ದು ಅಂಟಿನ ಶೇಷ, ಸರಪಳಿಯ ಉದ್ದ, ಸೋಂಕಿನ ಅಂಶ ಎಂಬ ಬೇರೆ ಅಳತೆಗಳು. ಪ್ರೋಟೀನು ಹೇಗೂ ಕರಗುವುದರಿಂದ ಎಳೆ ಉದ್ದವಾಗಿರಬೇಕಿಲ್ಲ. ಬಿಚ್ಚಲಾಗದ ತೂತು ಗೂಡೂ ಇಲ್ಲಿ ಕಚ್ಚಾವಸ್ತುವಾಗಬಲ್ಲದು. ಇಂದು ಬಂದ ಸರಕು ನಿನ್ನೆಯದರಂತೆಯೇ ಇರಬೇಕೆಂಬ ಶಿಸ್ತನ್ನು 1999ರಿಂದ ಟೊಯೊಟಾ ಕಿರ್ಲೋಸ್ಕರ್ ಕಾರು ತಯಾರಿಸುತ್ತಿರುವ ಬಿಡದಿ ಚೆನ್ನಾಗಿ ಬಲ್ಲದು. ಗೂಡು, ಪ್ರಯೋಗಾಲಯ, ಪ್ರತಿಕಾಯ ತಯಾರಿಕೆ ಮೂರೂ ಒಂದೆರಡು ಗಂಟೆಯ ಹಾದಿಯೊಳಗಿವೆ. ಮೊದಲು ಆಗಬೇಕಾದದ್ದು ಹೊಸ ಕಣದ ಶೋಧವಲ್ಲ, ಔಷಧಿ ದರ್ಜೆಯ ಫೈಬ್ರಾಯಿನಿಗೆ ಒಂದು ಮಾನಕ. ಅದಿದ್ದರೆ ಅಲ್ಪ ಪ್ರಮಾಣದ ಪ್ರತಿಕಾಯವನ್ನು ರೇಷ್ಮೆಯಲ್ಲಿಟ್ಟು ಪರೀಕ್ಷಿಸುವ ಪ್ರಶ್ನೆಗೆ ನಂಬಬಹುದಾದ ಉತ್ತರ ಪಡೆಯಬಹುದು.