ಹರಾರೆಯ ಈಸ್ಟ್‌ಗೇಟ್‌ಗೆ ತಂಪು ಕೊಟ್ಟವರು ಯಾರು?

ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಸೆಂಟರ್ ಎಂದೊಡನೆ ಗೆದ್ದಲ ಹುತ್ತದ ಮಾತು ಬರುತ್ತದೆ. ವಾಸ್ತುಶಿಲ್ಪಿ ಮಿಕ್ ಪಿಯರ್ಸ್‌ಗೆ ಸ್ಫೂರ್ತಿ ಹುತ್ತವೇ, ನಿಜ. ಆದರೆ ಯಶಸ್ಸಿನ ದೊಡ್ಡ ಪಾಲು ಸಲ್ಲಬೇಕಾದದ್ದು ಆ ಊರಿನ ಹವೆಗೆ. ಸುಮಾರು 1,500 ಮೀಟರ್ ಎತ್ತರದ ಹರಾರೆಯಲ್ಲಿ ಹಗಲು ಕಾದರೂ ರಾತ್ರಿ ತಣ್ಣಗಾಗುತ್ತದೆ. ಕೆಳಗೆ ಅಂಗಡಿ, ಮೇಲೆ ಕಚೇರಿಗಳಿರುವ ಈ ಜೋಡಿ ಕಟ್ಟಡದಲ್ಲಿ ರಾತ್ರಿ ಫ್ಯಾನ್‌ಗಳು ತಂಪುಗಾಳಿಯನ್ನು ನೆಲದಡಿಯ ಟೊಳ್ಳುಗಳಿಗೆ ಹಾಯಿಸುತ್ತವೆ. ಅಲ್ಲಿ ಸಾಲಾಗಿ ನಿಂತ ಕಾಂಕ್ರೀಟಿನ ಹಲ್ಲುಗಳು ಗಾಳಿಗೆ ಮೈಯೊಡ್ಡಿ ತಣಿಯುತ್ತವೆ. ಹಗಲಲ್ಲಿ ಅದೇ ದಾರಿಯ ಗಾಳಿ ಆ ತಂಪನ್ನು ಹೊತ್ತು ಕೋಣೆಗೆ ಬಂದು, ಬಿಸಿಯಾಗಿ, ಛಾವಣಿಯ 48 ಚಿಮಣಿಗಳಿಂದ ಹೊರಬೀಳುತ್ತದೆ.

ಹುತ್ತದೊಳಗೆ ಗಾಳಿ ಹೀಗೆ ಆಡುವುದಿಲ್ಲವೆಂದು ಸಂಶೋಧಕರಾದ ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ 2008ರಲ್ಲಿ ವಾದಿಸಿದರು. ಹಾಗಾದರೆ ಈಸ್ಟ್‌ಗೇಟ್ ತಪ್ಪು ಲೆಕ್ಕದ ಮೇಲೆ ನಿಂತಿದೆಯೇ? ಖಂಡಿತ ಇಲ್ಲ. ಹೋಲಿಕೆ ಸಡಿಲವಾದರೂ, ಅದರ ಲೆಕ್ಕ ನಿಂತಿರುವುದು ಹಗಲು-ರಾತ್ರಿಗಳ ಉಷ್ಣತೆಯ ಅಂತರದ ಮೇಲೆ. ಫ್ಯಾನ್‌ಗೂ ಕರೆಂಟು ಬೇಕಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಗಾಳಿ ಸಾಗಿಸಲು ಬೇಕಾದ ವಿದ್ಯುತ್ತು, ಇಡೀ ಕಟ್ಟಡಕ್ಕೆ ಎಸಿ ಹಾಕಿ ತಂಪು ತಯಾರಿಸಲು ಬೇಕಾದುದಕ್ಕಿಂತ ಎಷ್ಟೋ ಕಡಿಮೆ. ರಾತ್ರಿಯೂ ಬೆವರಿಳಿಸುವ ಕರಾವಳಿಯ ಮೊಂಬಾಸಾದಲ್ಲಿ ಇದೇ ನಕ್ಷೆ ಫಲಿಸುವುದು ಕಷ್ಟ.